ಸೋರೆಬುರುಡೆಯಿಂದ ಸ್ಟಾಪ್‌ವಾಚ್‌ವರೆಗೆ

ಬೆಳಗಿನ ಜಾವ ಐದೂವರೆ. ಬೆಂಗಳೂರಿನ ಒಂದು ಈಜುಕೊಳದ ಮೆಟ್ಟಿಲ ಮೇಲೆ ಕಾಫಿ ಫ್ಲಾಸ್ಕ್ ಹಿಡ್ಕೊಂಡು ಕೂತಿದ್ದೆ. ನೀರಲ್ಲಿ ನನ್ನ ಮಗಳು, ಜೊತೆಗೆ ಅವಳ ತಂಡದ ಹತ್ತಿಪ್ಪತ್ತು ಮಕ್ಕಳು. ಪಕ್ಕದಲ್ಲಿ ಭದ್ರಾವತಿಯಿಂದ ಬಂದಿದ್ದ ಅಪ್ಪ. ಕೋಚ್ ಕೈಯಲ್ಲಿದ್ದ ಸ್ಟಾಪ್‌ವಾಚ್ ನೋಡಿ ಕೇಳಿದ್ರು: "ಅದೆಂತಕ್ಕೆ ಗಡಿಯಾರ? ಹೊಳೆ ದಾಟಿದ್ಯೋ ಇಲ್ವೋ, ಅಷ್ಟೇ ಅಲ್ವಾ ಲೆಕ್ಕ?"

ಆಗ ನಗು ಬಂತು. ಆಮೇಲೆ ಯೋಚನೆ ಮಾಡಿದ್ರೆ, ಸ್ಪರ್ಧೆಯ ಈಜು ಹುಟ್ಟಿದ ಕಥೆಯೆಲ್ಲ ಆ ಪ್ರಶ್ನೆಯಲ್ಲೇ ಇದೆ ಅನ್ನಿಸ್ತು.

ಅಪ್ಪ ಈಜು ಕಲಿತಿದ್ದು ಭದ್ರಾ ಹೊಳೆಯಲ್ಲಿ, ಸೊಂಟಕ್ಕೆ ಒಣಗಿದ ಸೋರೆಬುರುಡೆ ಕಟ್ಟಿಕೊಂಡು. ನಮ್ಮೂರು ಕಾರ್ಖಾನೆಯಿಂದ ಬೆಳೆದ ಊರು. ಹಳೇ ಹೆಸರು ಬೆಂಕಿಪುರ. ಕೆಮ್ಮಣ್ಣುಗುಂಡಿಯ ಅದಿರು, ಮಲೆನಾಡಿನ ಕಾಡಿನ ಇದ್ದಿಲು, ಭದ್ರೆಯ ನೀರು ಮೂರೂ ಕೈಗೆ ಸಿಗುತ್ತವೆ ಎಂದು ಮೈಸೂರು ಸಂಸ್ಥಾನ 1918ರಲ್ಲಿ ಇಲ್ಲಿ ಕಬ್ಬಿಣದ ಕಾರ್ಖಾನೆಗೆ ಕೈ ಹಾಕಿತು. ಅದರ ಹಿಂದಿದ್ದವರು ಸರ್ ಎಂ. ವಿಶ್ವೇಶ್ವರಯ್ಯ. 1923ರಲ್ಲಿ ಉತ್ಪಾದನೆ ಶುರುವಾಯ್ತು. ಮುಂದಿನ ದಶಕದಲ್ಲಿ ಕಾಗದದ ಕಾರ್ಖಾನೆಯೂ ಬಂತು. ಅವುಗಳ ಬೆನ್ನಿಗೆ ಕ್ವಾರ್ಟರ್ಸು, ಶಾಲೆ, ಆಸ್ಪತ್ರೆ, ಮೈದಾನ. ಕ್ರಿಕೆಟಿಗ ಜಿ.ಆರ್. ವಿಶ್ವನಾಥ್ 1949ರಲ್ಲಿ ಹುಟ್ಟಿದ್ದು ಇದೇ ಊರಲ್ಲಿ. ನಮ್ಮ ಬೀದಿಯವರಿಗೆ ಆಟ ಅಂದ್ರೆ ಮೈದಾನದಲ್ಲಿ ಆಡೋದು. ಹೊಳೆಯಲ್ಲಿ ಈಜೋದನ್ನ ಯಾರೂ ಆಟ ಅಂತ ಕರೀತಿರಲಿಲ್ಲ. ಅದು ಸೈಕಲ್ ಹೊಡೆಯೋ ಹಾಗೆ, ಎಲ್ಲರಿಗೂ ಬರಬೇಕಾದ ಒಂದು ವಿದ್ಯೆ.

ಒಂದು ಬೇಸಿಗೆ ರಜೆಯಲ್ಲಿ ಅಪ್ಪನ ಜೊತೆ ನೀರಿಗಿಳಿದ ಗೆಳೆಯನೊಬ್ಬ ಮಡುವಿನಲ್ಲಿ ಸಿಕ್ಕಿಹಾಕಿಕೊಂಡ. ಮೇಲೆ ಬರಲೇ ಇಲ್ಲ. ಅಪ್ಪ ಆವತ್ತಿಂದ ಹೊಳೆಗೆ ಇಳೀಲಿಲ್ಲ, ನನ್ನನ್ನೂ ಬಿಡಲಿಲ್ಲ. ಮುಂದೆ ನಾನು ಶಿವಮೊಗ್ಗದಲ್ಲಿ ಕಾಲೇಜು ಓದೋವಾಗ, ಮಳೆಗಾಲದಲ್ಲಿ ಕೋರ್ಪಲಯ್ಯನ ಮಂಟಪ ಮುಳುಗಿತಂತೆ ಅಂದ್ರೆ ಸಾಕು, ಊರೆಲ್ಲ ತುಂಗೆಯನ್ನ ನೋಡೋಕೆ ಓಡ್ತಿತ್ತು. ನಾನು ಕಂಬಿ ಹಿಡ್ಕೊಂಡು ದೂರದಿಂದ ನೋಡ್ತಿದ್ದೆ. ಆ ಕಡೆ ತುಂಗೆ, ಈ ಕಡೆ ಭದ್ರೆ, ನಡುವೆ ಬೆಳೆದ ನನಗೆ ಈಜೇ ಬರಲ್ಲ!

ಹೊಳೆ ಕೊಟ್ಟ ಇಂಥದ್ದೇ ಪೆಟ್ಟೊಂದು ಆಧುನಿಕ ಒಲಿಂಪಿಕ್ಸ್ ಈಜಿನ ಮೊದಲ ಪುಟದಲ್ಲೂ ಇದೆ. 1896ರ ಅಥೆನ್ಸ್ ಕೂಟದಲ್ಲಿ ಈಜುಕೊಳ ಇರಲಿಲ್ಲ. ಸ್ಪರ್ಧಿಗಳನ್ನ ದೋಣಿಯಲ್ಲಿ ಕರ್ಕೊಂಡು ಹೋಗಿ ಕೊರೆಯುವ ಸಮುದ್ರದಲ್ಲಿ ಇಳಿಸಿದ್ರು, ದಡಕ್ಕೆ ಈಜಿ ಬರಬೇಕಿತ್ತು. ಅಪ್ಪನ ಲೆಕ್ಕದ ಹಾಗೇ! 100 ಮತ್ತು 1200 ಮೀಟರ್ ಎರಡನ್ನೂ ಗೆದ್ದವನು ಹಂಗೇರಿಯ 18 ವರ್ಷದ ಹುಡುಗ ಆಲ್ಫ್ರೆಡ್ ಹಾಯೋಶ್. ಚಳಿ ತಡೆಯೋಕೆ ಮೈಗೆಲ್ಲ ಗ್ರೀಸ್ ಬಳಿದುಕೊಂಡಿದ್ದ. ಅವನು ಈಜಿನ ಬೆನ್ನು ಹತ್ತಿದ್ದು ಯಾಕೆ ಗೊತ್ತಾ? ಅವನಿಗೆ 13 ವರ್ಷ ಇದ್ದಾಗ ಅಪ್ಪ ಡ್ಯಾನ್ಯೂಬ್ ನದಿಯಲ್ಲಿ ಮುಳುಗಿ ಸತ್ತಿದ್ದ. ಮುಂದೆ ವಾಸ್ತುಶಿಲ್ಪಿಯಾದ ಹಾಯೋಶ್, ಬುಡಾಪೆಸ್ಟ್‌ನಲ್ಲಿ ಅದೇ ಡ್ಯಾನ್ಯೂಬ್ ನಡುವಿನ ಮಾರ್ಗರೆಟ್ ದ್ವೀಪದಲ್ಲಿ ಒಂದು ಈಜುಕೊಳ ಕಟ್ಟಿಸಿದ. 1930ರಲ್ಲಿ ತೆರೆದ ಆ ಕೊಳಕ್ಕೆ ಇವತ್ತು ಅವನದೇ ಹೆಸರು.

ಈಜು ನದಿಯಿಂದ ಕೊಳಕ್ಕೆ ಬಂದಿದ್ದು ನಿಧಾನವಾಗಿ. 1900ರ ಪ್ಯಾರಿಸ್ ಒಲಿಂಪಿಕ್ಸ್ ಈಜು ನಡೆದಿದ್ದು ಸೇನ್ ನದಿಯಲ್ಲಿ. 1908ರ ಲಂಡನ್‌ನಲ್ಲಿ ಕ್ರೀಡಾಂಗಣದೊಳಗೇ 100 ಮೀಟರ್ ಉದ್ದದ ತೊಟ್ಟಿ ಕಟ್ಟಿದ್ರು. ಲೇನ್ ಗುರುತು ಮಾಡಿದ 50 ಮೀಟರ್ ಕೊಳ ಬಂದಿದ್ದು 1924ರಲ್ಲಿ, ಮತ್ತೆ ಪ್ಯಾರಿಸ್‌ನಲ್ಲಿ. ಹರಿಯುವ ನೀರಲ್ಲಿ ಇಬ್ಬರನ್ನ ಹೋಲಿಸೋದು ಕಷ್ಟ, ಒಬ್ಬನಿಗೆ ಸೆಳವು ಕೈ ಹಿಡಿಯುತ್ತೆ, ಇನ್ನೊಬ್ಬನಿಗೆ ಕೈ ಕೊಡುತ್ತೆ. ನಿಂತ ನೀರಲ್ಲಿ ಮಾತ್ರ ಸ್ಟಾಪ್‌ವಾಚ್‌ಗೆ ಅರ್ಥ. ನಮ್ಮಲ್ಲೂ ಹಾಗೇ ಆಯ್ತು. 1951ರಲ್ಲಿ ದೆಹಲಿಯ ಮೊದಲ ಏಷ್ಯನ್ ಗೇಮ್ಸ್‌ನಲ್ಲಿ 100 ಮೀಟರ್ ಫ್ರೀಸ್ಟೈಲ್ ಚಿನ್ನ ಗೆದ್ದ ಸಚಿನ್ ನಾಗ್ ವಾರಾಣಸಿಯವರು, ಗಂಗೆಯಲ್ಲಿ ಈಜಿ ಬೆಳೆದವರು. ಈಗಿನ ಈಜುಗಾರರು ಬೆಳೆಯೋದು ಕೊಳಗಳಲ್ಲಿ, ಕ್ಲಬ್ಬುಗಳಲ್ಲಿ.

ಕರ್ನಾಟಕದಲ್ಲಿ ಆ ಮಾತು ಬಂದ್ರೆ ಬಸವನಗುಡಿ ಅಕ್ವಾಟಿಕ್ ಸೆಂಟರ್ ಹೆಸರು ಬರಲೇಬೇಕು. 2000ದ ಸಿಡ್ನಿ ಒಲಿಂಪಿಕ್ಸ್‌ಗೆ ಹೋದ ನಿಶಾ ಮಿಲೆಟ್, 2004ರಲ್ಲಿ ಅಥೆನ್ಸ್‌ಗೆ ಹೋದ ಶಿಖಾ ಟಂಡನ್ ಇಬ್ಬರೂ ಅಲ್ಲಿ ಪ್ರದೀಪ್ ಕುಮಾರ್ ಅವರ ಕೈಕೆಳಗೆ ತಯಾರಾದವರು. ನಿಶಾ ಐದನೇ ವಯಸ್ಸಲ್ಲಿ ಮುಳುಗುವುದರಿಂದ ಸ್ವಲ್ಪದರಲ್ಲಿ ಪಾರಾಗಿದ್ದರು. ಆ ಭಯ ಹೋಗಲಿ ಅಂತ ಅವರಪ್ಪ ಹಠ ಹಿಡಿದು ಈಜು ಕಲಿಸಿದ್ರು. ಬೆಂಗಳೂರಿನ ಧಿನಿಧಿ ದೇಸಿಂಘು 2024ರ ಪ್ಯಾರಿಸ್ ಒಲಿಂಪಿಕ್ಸ್‌ಗೆ ಹೋದಾಗ ಅವಳಿಗೆ 14 ವರ್ಷ, ಭಾರತ ತಂಡದಲ್ಲೇ ಎಲ್ಲರಿಗಿಂತ ಚಿಕ್ಕವಳು. ಅವಳಿಗೂ ಮೊದಮೊದಲು ನೀರು ಅಂದ್ರೆ ಆಗ್ತಿರಲಿಲ್ಲವಂತೆ.

ಹಾಯೋಶ್, ನಿಶಾ, ಧಿನಿಧಿ. ಇವರನ್ನ ಪಕ್ಕಪಕ್ಕ ಇಟ್ಟು ನೋಡಿದ್ರೆ ನನಗೆ ಕಾಣೋದು ಇಷ್ಟು: ಮಕ್ಕಳ ಈಜು ತಂಡ ಅನ್ನೋದರ ಬೇರು ಪದಕದ ಆಸೆಗಿಂತ ಹೆಚ್ಚಾಗಿ ನೀರಿನ ಭಯದಲ್ಲಿದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನ ಪ್ರಕಾರ 2021ರಲ್ಲಿ ಜಗತ್ತಿನಲ್ಲಿ ಮೂರು ಲಕ್ಷ ಜನ ನೀರಲ್ಲಿ ಮುಳುಗಿ ಸತ್ತರು. ಅದರಲ್ಲಿ 10ಕ್ಕೆ 9ಕ್ಕಿಂತ ಹೆಚ್ಚು ಸಾವು ನಮ್ಮಂಥ ಬಡ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ. ತಂಡದ ನೂರು ಮಕ್ಕಳಲ್ಲಿ ಒಬ್ಬರು ರಾಜ್ಯಮಟ್ಟಕ್ಕೆ ಹೋದ್ರೆ ದೊಡ್ಡದು. ಆದರೆ ನೂರಕ್ಕೆ ನೂರೂ ಮಕ್ಕಳಿಗೆ ತೇಲೋಕೆ ಬರುತ್ತೆ, ಆ ಲೆಕ್ಕವನ್ನ ಯಾವ ಫಲಿತಾಂಶ ಪಟ್ಟಿಯಲ್ಲೂ ಬರೆಯಲ್ಲ. ಹಾಗಾಗಿ ಇಂಥ ತಂಡ ಮೊದಲು ಬೇಕಿರೋದು ಹೊಳೆ ದಂಡೆಯ ಊರುಗಳಿಗೆ, ಕೊಳದ ಫೀಸು ಕಟ್ಟೋಕಾಗದ ಮನೆಗಳ ಮಕ್ಕಳಿಗೆ. ನನ್ನ ಮಗಳಿಗೆ ಇದು ಸಿಕ್ಕಿದ್ದು ನನಗೆ ಬೆಂಗಳೂರಲ್ಲಿ ಸಂಬಳ ಬರುತ್ತೆ ಅಂತ. ಅದು ನನಗೆ ಗೊತ್ತಿದೆ.

ಈ ಬೇಸಿಗೆಯಲ್ಲಿ ಊರಿಗೆ ಹೋಗಿದ್ವಿ. ಅಪ್ಪ ಅಷ್ಟು ವರ್ಷ ಆದಮೇಲೆ ಮೊಮ್ಮಗಳ ಕೈ ಹಿಡಿದು ಭದ್ರೆಯ ದಡಕ್ಕೆ ಹೋದ್ರು. ಅವಳು ನೀರು ನೋಡಿ, "ಅಜ್ಜಾ, ಇಲ್ಲಿ ಲೇನ್ ಇಲ್ವಲ್ಲ, ಎಲ್ಲಿ ಈಜೋದು?" ಅಂದ್ಲು. ಅಪ್ಪ ಕೂತ್ಕೊಂಡು ಒಂದೊಂದೇ ತೋರಿಸಿದ್ರು. ಸೆಳವು ಎಲ್ಲಿದೆ, ಸುಳಿ ಹೇಗೆ ಕಾಣುತ್ತೆ, ಮೇಲೆ ಶಾಂತವಾಗಿರೋ ನೀರಿನ ಕೆಳಗೆ ಮಡು ಎಲ್ಲಿರುತ್ತೆ. ಕೋಚ್ ಹೇಳಿಕೊಟ್ಟಿರದ ಪಾಠ ಅದು. ಅವಳು ಬಾಯಿ ಬಿಟ್ಕೊಂಡು ಕೇಳ್ತಿದ್ಲು.

ಆವತ್ತು ಇಬ್ಬರೂ ನೀರಿಗೆ ಇಳೀಲಿಲ್ಲ. ನಾನು ಮಾತ್ರ ಬೆಂಗಳೂರಿಗೆ ವಾಪಸ್ ಬಂದ ವಾರವೇ ದೊಡ್ಡವರ ಬ್ಯಾಚ್‌ಗೆ ಹೆಸರು ಕೊಟ್ಟೆ.