ತರ್ದವಾಡಿಯ ತೈಲಪನೂ ಅಯೋಧ್ಯೆಯ ಅರಸರೂ

ಕಲ್ಯಾಣದ ಚಾಲುಕ್ಯರ ಪೂರ್ವಜರು ಅಯೋಧ್ಯೆಯನ್ನು ಆಳಿದವರೆಂಬ ಕಥೆಯು ಕರ್ನಾಟಕದ ಇತಿಹಾಸವನ್ನು ಓದುವವರಿಗೆ ಹೊಸದಲ್ಲ. ಇಮ್ಮಡಿ ತೈಲಪನ ಮೊಮ್ಮಗನಾದ ಐದನೆಯ ವಿಕ್ರಮಾದಿತ್ಯನ ಕಾಲದ, ಕ್ರಿ. ಶ. ೧೦೦೯ರ ಕೌಥೇಂ ತಾಮ್ರಶಾಸನವು ಇದನ್ನು ವಿಸ್ತಾರವಾಗಿ ಹೇಳುತ್ತದೆ. ಅದರ ಪ್ರಕಾರ ಈ ವಂಶದ ೫೯ ಅರಸರು ಅಯೋಧ್ಯೆಯಲ್ಲಿಯೂ, ಅವರ ತರುವಾಯ ೧೬ ಅರಸರು ದಕ್ಷಿಣಾಪಥದಲ್ಲಿಯೂ ಆಳಿದರು. ಬಳಿಕ ಕೆಲಕಾಲ ವಂಶದ ಸಿರಿಯು ಮರೆಯಾಗಿರಲು, ಜಯಸಿಂಹನು ರಾಷ್ಟ್ರಕೂಟ ಕೃಷ್ಣನ ಮಗನೂ ೮೦೦ ಆನೆಗಳ ಒಡೆಯನೂ ಆದ ಇಂದ್ರನನ್ನು ಸೋಲಿಸಿ ಅದನ್ನು ಮರಳಿ ಪಡೆದನು. ಮುಂದೆ ಬಿಲ್ಹಣನೂ ವಿಕ್ರಮಾಂಕದೇವಚರಿತದಲ್ಲಿ ವಂಶದ ಮೂಲಪುರುಷನನ್ನು ಬ್ರಹ್ಮನ ಚುಲುಕದಿಂದ ಹುಟ್ಟಿಸಿ, ಅಯೋಧ್ಯೆಯ ಮಾತನ್ನೂ ಉಳಿಸಿಕೊಂಡನು.

ಈ ಕಥೆಯು ನಿಜವಾಗಿದ್ದರೆ ಅದನ್ನು ಮೊದಲು ಬಲ್ಲವರು ಬಾದಾಮಿಯ ಚಾಲುಕ್ಯರೇ ಆಗಿರಬೇಕು. ಆದರೆ ಅವರ ಶಾಸನಗಳು ಹೇಳುವುದೇನು? ತಾವು ಮಾನವ್ಯಗೋತ್ರದವರು, ಹಾರಿತೀಪುತ್ರರು, ಸಪ್ತಮಾತೃಕೆಯರಿಂದ ಪೋಷಿತರು, ನಾರಾಯಣನ ಪ್ರಸಾದದಿಂದ ವರಾಹಲಾಂಛನವನ್ನು ಪಡೆದವರು ಎಂದಿಷ್ಟೇ. ಕ್ರಿ. ಶ. ೫೪೩ರ ಬಾದಾಮಿಯ ಬಂಡೆಗಲ್ಲಿನ ಶಾಸನದಲ್ಲಿ ಅಯೋಧ್ಯೆಯಿಲ್ಲ. ಕ್ರಿ. ಶ. ೬೩೪ರ ಐಹೊಳೆಯ ಶಾಸನದಲ್ಲಿ ರವಿಕೀರ್ತಿಯು ಜಯಸಿಂಹ, ರಣರಾಗ, ಪುಲಕೇಶಿ ಎಂದು ವಂಶವನ್ನು ಎಣಿಸುತ್ತಾನೆ. ತನ್ನನ್ನು ಕಾಳಿದಾಸ ಭಾರವಿಗಳಿಗೆ ಹೋಲಿಸಿಕೊಂಡ ಆ ಕವಿಯು, ತನ್ನೊಡೆಯನ ಪೂರ್ವಜರು ರಘುವಿನ ನಗರದಲ್ಲಿ ಆಳಿದ್ದರೆಂದು ಕೇಳಿದ್ದರೆ ಸುಮ್ಮನಿರುತ್ತಿದ್ದನೆಂದು ನಂಬುವುದು ಕಷ್ಟ.

ಇದೇ ಮನೆತನದ ಇನ್ನೊಂದು ಕವಲಾದ ವೇಂಗಿಯ ಚಾಲುಕ್ಯರ ಸಾಕ್ಷ್ಯವೂ ಹೀಗೆಯೇ ಇದೆ. ಏಳನೆಯ ಶತಮಾನದಲ್ಲಿ ಕುಬ್ಜ ವಿಷ್ಣುವರ್ಧನನಿಂದ ಮೊದಲಾದ ಆ ಕವಲಿನಲ್ಲಿ ಅಯೋಧ್ಯೆಯ ಕಥೆಯು ಕಾಣಿಸಿಕೊಳ್ಳುವುದು ಹನ್ನೊಂದನೆಯ ಶತಮಾನದಲ್ಲಿ, ವಿಮಲಾದಿತ್ಯನ ರಣಸ್ತಿಪೂಂಡಿ ಶಾಸನವೇ ಮೊದಲಾದವುಗಳಲ್ಲಿ. ಅಲ್ಲಿಯೂ ೫೯ ಅರಸರು ಬರುತ್ತಾರೆ. ಆದರೆ ಮುಂದಿನ ಕಥೆಯೇ ಬೇರೆ. ವಿಜಯಾದಿತ್ಯನೆಂಬವನು ದಕ್ಷಿಣಕ್ಕೆ ಬಂದು ತ್ರಿಲೋಚನ ಪಲ್ಲವನೊಡನೆ ಕಾದಿ ಮಡಿದನಂತೆ; ಅವನ ಗರ್ಭಿಣಿಯಾದ ರಾಣಿಯನ್ನು ವಿಷ್ಣುಭಟ್ಟ ಸೋಮಯಾಜಿಯು ಕಾಪಾಡಿದನಂತೆ. ಹೀಗೆ ಎರಡು ಕವಲುಗಳೂ ಸಂಖ್ಯೆಯಲ್ಲಿ ಒಪ್ಪಿ, ಸಂಗತಿಗಳಲ್ಲಿ ಭಿನ್ನವಾಗುತ್ತವೆ. ಇದು ಮನೆಯ ಹಳೆಯ ನೆನಪಿನ ಲಕ್ಷಣವಲ್ಲ. ಒಂದೇ ಕಾಲದ ಆಸ್ಥಾನಗಳಲ್ಲಿ ಹೊಸೆದ ಕಲ್ಪನೆಯ ಲಕ್ಷಣ.

ಜಯಸಿಂಹನು ರಾಷ್ಟ್ರಕೂಟರನ್ನು ಗೆದ್ದನೆಂಬ ಮಾತು ಐಹೊಳೆಯ ಶಾಸನದಲ್ಲಿಲ್ಲ. ಮರೆಯಾದ ಸಿರಿಯನ್ನು ರಾಷ್ಟ್ರಕೂಟರಿಂದ ಮರಳಿ ಪಡೆದವನೆಂದು ಹೇಳಿಕೊಳ್ಳಬಹುದಾದವನು ಕ್ರಿ. ಶ. ೯೭೩ರಲ್ಲಿ ಇಮ್ಮಡಿ ಕರ್ಕನನ್ನು ಕೆಡಹಿದ ತೈಲಪನೇ. ಮೊಮ್ಮಗನ ಕಾಲದ ಪಂಡಿತನು ಅಜ್ಜನ ಕಾರ್ಯವನ್ನು ಮೂಲಪುರುಷನಿಗೆ ಆರೋಪಿಸಿದನೆಂದು ತಿಳಿಯುವುದೇ ಯುಕ್ತವಾಗಿದೆ.

ಇನ್ನು ಬಾದಾಮಿಯ ಸಂಬಂಧ. ಇಮ್ಮಡಿ ವಿಕ್ರಮಾದಿತ್ಯನ ತಮ್ಮನಾದ ಭೀಮನಿಂದ ತೈಲಪನವರೆಗೆ ಕೌಥೇಂ ಶಾಸನವು ಎಂಟು ತಲೆಗಳನ್ನು ಎಣಿಸುತ್ತದೆ. ಸುಮಾರು ಎರಡು ಶತಮಾನಕ್ಕೂ ಮಿಕ್ಕ ಅವಧಿಗೆ ಇದು ಅಸಂಭವವಾದ ಸಂಖ್ಯೆಯೇನಲ್ಲ. ಆದರೂ ರಾಮಕೃಷ್ಣ ಗೋಪಾಲ ಭಂಡಾರಕರರು ೧೮೮೪ರಷ್ಟು ಹಿಂದೆಯೇ ಇದನ್ನು ಸಂಶಯಿಸಿ, ತೈಲಪನು ಬೇರೊಂದು ಅಪ್ರಸಿದ್ಧ ಶಾಖೆಗೆ ಸೇರಿದವನೆಂದು ಊಹಿಸಿದರು. ಆದುದರಿಂದ ಅಯೋಧ್ಯೆಯ ಭಾಗವನ್ನು ತಳ್ಳಿಹಾಕುವುದೂ, ಬಾದಾಮಿಯ ಭಾಗವನ್ನು ಸಿದ್ಧಪಡಿಸದ ವಾದವೆಂದು ಇಟ್ಟುಕೊಳ್ಳುವುದೂ ನ್ಯಾಯವು.

ತೈಲಪನ ನಿಜವಾದ ಆರಂಭವನ್ನು ತಿಳಿಯಲು ಸರಯೂತೀರಕ್ಕೆ ಹೋಗಬೇಕಾಗಿಲ್ಲ. ಬಸವನ ಬಾಗೇವಾಡಿಯ ಸೀಮೆಯ ನರಸಲಗಿಯಲ್ಲಿ ಕ್ರಿ. ಶ. ೯೬೫ರ ಶಾಸನವೊಂದಿದೆ. ಅದರಲ್ಲಿ ತೈಲಪನು ರಾಷ್ಟ್ರಕೂಟ ಮುಮ್ಮಡಿ ಕೃಷ್ಣನ ಸಾಮಂತನಾಗಿ ತರ್ದವಾಡಿ ಸಾಸಿರವನ್ನು ಅಣುಗಜೀವಿತವಾಗಿ ಆಳುತ್ತಿದ್ದನು. ಇಂಡಿಯ ಸೀಮೆಯಲ್ಲಿ ಭೀಮಾನದಿಯ ದಡದ ಮೇಲಿರುವ ತದ್ದೇವಾಡಿಯೇ ಆ ತರ್ದವಾಡಿ. ಇಂಡಿ, ಸಿಂದಗಿ, ಬಾಗೇವಾಡಿಗಳ ಬಹುಭಾಗವು ಆ ನಾಡಿಗೆ ಸೇರಿದ್ದಿತು. ಅಣುಗನೆಂದರೆ ಅಕ್ಕರೆಯವನು, ಅರಸನು ಅಂಥವನ ಜೀವನಕ್ಕಾಗಿ ಬಿಟ್ಟುಕೊಟ್ಟ ಭೂಮಿಯೇ ಅಣುಗಜೀವಿತ. ಹೀಗೆ ಅನ್ನವಿತ್ತ ಮನೆಯನ್ನೇ ಎಂಟು ವರ್ಷಗಳಲ್ಲಿ ಉರುಳಿಸಿದವನಿಗೆ ಬಾದಾಮಿಯ ಹಕ್ಕು ಬೇಕಾಯಿತು, ಅಪಹಾರವು ಉದ್ಧಾರವೆನಿಸಬೇಕಾಯಿತು. ಅವನ ಮೊಮ್ಮಕ್ಕಳಿಗೆ ಬಾದಾಮಿಯೂ ಸಾಲದೆ ಅಯೋಧ್ಯೆಯು ಬೇಕಾಯಿತು.

ಇದೇ ತರ್ದವಾಡಿಯು ಇನ್ನೊಮ್ಮೆ ಇಂಥದನ್ನೇ ಕಂಡಿತು. ಚಾಲುಕ್ಯರ ಮಾಂಡಲಿಕನಾಗಿ ಈ ನಾಡನ್ನಾಳಿದ ಕಳಚುರಿ ಬಿಜ್ಜಳನು ಹನ್ನೆರಡನೆಯ ಶತಮಾನದಲ್ಲಿ ಒಡೆಯರ ಸಿಂಹಾಸನವನ್ನೇ ಏರಿದನು. ಅವನ ವಂಶದವರೂ ದೂರದ ಕಾಲಂಜರಪುರದ ಅಧೀಶ್ವರರೆಂದು ಬಿರುದು ಹೊತ್ತವರೇ.

ಇದರಿಂದ ಚಾಲುಕ್ಯರ ಕೀರ್ತಿಗೆ ಕುಂದೇನೂ ಇಲ್ಲ. ಒಂದು ಸಾಸಿರ ನಾಡಿನಿಂದ ಹೊರಟು ಎರಡು ಶತಮಾನಗಳ ಸಾಮ್ರಾಜ್ಯವನ್ನು ಕಟ್ಟಿದ ಮನೆತನಕ್ಕೆ ಎರವಲು ಪೂರ್ವಜರು ಅನಾವಶ್ಯಕ. ತಾಮ್ರಪಟದ ವಂಶಾವಳಿಯನ್ನು ಓದುವವರು, ಅದು ಯಾವ ವರ್ಷ ಬರೆದುದು, ಆಗ ಅದು ಯಾರಿಗೆ ಬೇಕಾಗಿದ್ದಿತು ಎಂಬುದನ್ನು ಮೊದಲು ವಿಚಾರಿಸಿ, ಆಮೇಲೆ ಅದರ ಮಾತನ್ನು ನಂಬತಕ್ಕದ್ದು.