ಪಡುವಣ ತಾಲ್ಲೂಕುಗಳಿಗೆ ಔಷಧ ಬಂದ ದಾರಿ

ತುಂಗಭದ್ರೆಯ ಬಲದಂಡೆಯಿಂದ ಕೂಡ್ಲಿಗಿಯ ಕಲ್ಲುಗುಡ್ಡಗಳವರೆಗೆ ಹಬ್ಬಿರುವ, ಹಳೆಯ ಬಳ್ಳಾರಿ ಜಿಲ್ಲೆಯ ಪಡುವಣ ತಾಲ್ಲೂಕುಗಳಾದ ಹಡಗಲಿ, ಹರಪನಹಳ್ಳಿ, ಹಗರಿಬೊಮ್ಮನಹಳ್ಳಿ, ಕೊಟ್ಟೂರು, ಕೂಡ್ಲಿಗಿಗಳ ಚರಿತ್ರೆಯನ್ನು ಬರೆದವರು ಪಾಳೆಯಗಾರರ ಕಾಳಗಗಳನ್ನೂ ಮೈಲಾರದ ಕಾರಣಿಕವನ್ನೂ ಕೊಟ್ಟೂರೇಶ್ವರನ ತೇರನ್ನೂ ಸಾಕಷ್ಟು ವರ್ಣಿಸಿದ್ದಾರೆ. ಎಚ್.ಐ.ವಿ. ಎಂಬ ವ್ಯಾಧಿಗೆ ಔಷಧವು ಈ ಸೀಮೆಗೆ ಯಾವ ದಾರಿಯಿಂದ ಬಂದಿತು, ಯಾರ ಹೊಸ್ತಿಲನ್ನು ಮೊದಲು ಮುಟ್ಟಿತು, ಯಾರನ್ನು ಬಹುಕಾಲ ಕಾಯಿಸಿತು ಎಂಬುದೂ ಈ ನೆಲದ ಚರಿತ್ರೆಗೆ ಸೇರತಕ್ಕದ್ದೇ.

ಭಾರತದಲ್ಲಿ ಈ ಸೋಂಕು ಮೊದಲು ಪತ್ತೆಯಾದದ್ದು 1986ರಲ್ಲಿ, ಮದರಾಸಿನಲ್ಲಿ. ಹತ್ತು ವರ್ಷಗಳ ತರುವಾಯ ಮೂರು ಮದ್ದುಗಳನ್ನು ಕೂಡಿಸಿ ಕೊಡುವ ಚಿಕಿತ್ಸೆಯು ಪಶ್ಚಿಮದ ದೇಶಗಳಲ್ಲಿ ಮರಣವನ್ನು ತಡೆಯತೊಡಗಿತಾದರೂ, ಅದರ ಬೆಲೆ ವರ್ಷವೊಂದಕ್ಕೆ ಹತ್ತು ಸಾವಿರ ಡಾಲರುಗಳಷ್ಟಿದ್ದುದರಿಂದ ಮಳೆಯನ್ನು ನಂಬಿ ಜೋಳ ಬಿತ್ತುವವನಿಗೆ ಅದು ಇದ್ದೂ ಇಲ್ಲದಂತೆಯೇ ಆಗಿತ್ತು. 2001ರಲ್ಲಿ ಮುಂಬಯಿಯ ಸಿಪ್ಲಾ ಸಂಸ್ಥೆಯು ಅಂಥದೇ ಮದ್ದನ್ನು ವರ್ಷಕ್ಕೆ 350 ಡಾಲರಿಗೆ ಕೊಡುವುದಾಗಿ ಸಾರಿತು. 2004ರ ಏಪ್ರಿಲ್ 1ರಂದು ಸರಕಾರವು ಎಂಟು ಆಸ್ಪತ್ರೆಗಳಲ್ಲಿ ಉಚಿತ ಚಿಕಿತ್ಸೆಯನ್ನು ಆರಂಭಿಸಿತು. ಕರ್ನಾಟಕದ ಪಾಲಿಗೆ ಆಗ ದೊರೆತದ್ದು ಬೆಂಗಳೂರು. ಹಡಗಲಿಯ ರೋಗಿಗೆ ಔಷಧದ ಕ್ರಯ ಇಲ್ಲವಾಯಿತು. ಒಂದು ರಾತ್ರಿಯ ಪ್ರಯಾಣ, ಬಸ್ಸಿನ ಚಾರ್ಜು, ಜೊತೆಗೆ ಬರುವವರ ಕೂಲಿಯ ನಷ್ಟ, ಇವು ಉಳಿದವು.

ಮುಂದೆ ಬಳ್ಳಾರಿಯ ವೈದ್ಯಕೀಯ ಸಂಸ್ಥೆಯಾದ ವಿಮ್ಸ್‌ನಲ್ಲಿ ಈ ಮದ್ದು ಕೊಡುವ ಎ.ಆರ್.ಟಿ. ಕೇಂದ್ರವು ತೆರೆದಾಗ ದೂರ ತಗ್ಗಿತು, ಅಳಿಯಲಿಲ್ಲ. ಈ ಪಡುವಣ ತಾಲ್ಲೂಕುಗಳು 1800ರಲ್ಲಿ ನಿಜಾಮನಿಂದ ಕುಂಪಣಿಗೆ ದತ್ತವಾದ ತರುವಾಯ ಬಹುಕಾಲ ಬಳ್ಳಾರಿಯೆಂಬ ಮೂಡಣ ನಗರದತ್ತ ಮುಖಮಾಡಿ ನ್ಯಾಯಕ್ಕೂ ಕಂದಾಯಕ್ಕೂ ನಡೆಯುತ್ತ ಬಂದವು. ಆಗ ಮಾತ್ರೆಗೂ ಅದೇ ದಾರಿಯಾಯಿತು. 1997ರಲ್ಲಿ ಹರಪನಹಳ್ಳಿಯು ದಾವಣಗೆರೆ ಜಿಲ್ಲೆಗೆ ಸೇರಿದುದರಿಂದ ಅಲ್ಲಿಯವರು ಬೇರೊಂದು ದಿಕ್ಕಿಗೆ ತಿರುಗಿದರು. ದಾವಣಗೆರೆಯ ಜಿಲ್ಲಾಸ್ಪತ್ರೆ ಹೊತ್ತಿರುವ ಚಿಗಟೇರಿ ಎಂಬ ಹೆಸರು ಹರಪನಹಳ್ಳಿ ತಾಲ್ಲೂಕಿನದೇ ಒಂದು ಗ್ರಾಮದ್ದು. ಕಾಯಿಲೆ ಒಂದೇ, ಸೀಮೆ ಒಂದೇ. ಆದರೂ ಹರಪನಹಳ್ಳಿಯವನಿಗೆ ಅರ್ಧ ದಿನದ ಕೆಲಸವಾದದ್ದು ಹಡಗಲಿಯವನಿಗೆ ಇಡೀ ದಿನದ್ದಾಗಿತ್ತು. ಮದ್ದನ್ನು ತಾಲ್ಲೂಕು ಆಸ್ಪತ್ರೆಯಲ್ಲಿಯೇ ಪಡೆಯಬಹುದಾದ ಲಿಂಕ್ ಕೇಂದ್ರಗಳು ಬಂದ ಮೇಲೆ ಈ ಭೇದವು ಕಡಿಮೆಯಾಯಿತು.

ದೂರವು ಕಿಲೋಮೀಟರುಗಳಲ್ಲಿ ಮಾತ್ರ ಇರುವುದಿಲ್ಲ, ಜಾತಿಯಲ್ಲಿಯೂ ಕಳಂಕದಲ್ಲಿಯೂ ಇರುತ್ತದೆ. ಉಚ್ಚಂಗಿದುರ್ಗದ ಭರತ ಹುಣ್ಣಿಮೆಯಲ್ಲಿಯೂ ಹುಲಿಗೆಯಲ್ಲಿಯೂ ಮುತ್ತು ಕಟ್ಟಿಸಿಕೊಂಡು ದೇವದಾಸಿಯರಾದ ಹೆಣ್ಣುಮಕ್ಕಳು ಬಹುಮಟ್ಟಿಗೆ ಮಾದಿಗ, ಹೊಲೆಯ ಕೇರಿಗಳವರು. ಮದರಾಸು ಪ್ರಾಂತ್ಯಕ್ಕೆ ಸೇರಿದ್ದ ಈ ಸೀಮೆಗೆ ದೇವದಾಸಿ ಸಮರ್ಪಣೆಯನ್ನು ನಿಷೇಧಿಸಿದ 1947ರ ಶಾಸನವು ಅನ್ವಯಿಸಿತ್ತು. 1982ರಲ್ಲಿ ಕರ್ನಾಟಕದ ಕಾನೂನೂ ಬಂದಿತು. ಹೀಗೆ ಎರಡು ಬಾರಿ ನಿಷಿದ್ಧವಾದ ಪದ್ಧತಿಯ ಫಲವನ್ನುಂಡವರು 1993-94 ಹಾಗೂ 2007-08ರ ಸರಕಾರಿ ಗಣತಿಗಳಲ್ಲಿ ರಾಜ್ಯದಾದ್ಯಂತ 46,660 ಮಂದಿ ಎಂದು ಎಣಿಕೆಗೆ ಬಂದರು. ಬಡತನ, ಜಾತಿ, ಕಳಂಕ ಎಂಬ ಮೂರು ಭಾರಗಳನ್ನು ಹೊತ್ತವಳು ಆಸ್ಪತ್ರೆಯ ಸಾಲಿನಲ್ಲಿ ನಿಲ್ಲುವುದಕ್ಕೆ ಮೊದಲು, ತನ್ನ ಕೇರಿಯ ಕಣ್ಣುಗಳನ್ನು ದಾಟಿ ಬರಬೇಕಾಗಿತ್ತು. ಆಕೆಯೊಡನೆ ಆ ದಾರಿ ನಡೆದವರು, ತಾವೂ ಮುತ್ತು ಕಟ್ಟಿಸಿಕೊಂಡು ಮುಂದೆ ಆರೋಗ್ಯ ಕಾರ್ಯಕರ್ತೆಯರಾದ ಹೆಂಗಸರು. ಅವರ ಸೇವೆಗೆ ಈ ಸೀಮೆ ಇನ್ನೂ ತಕ್ಕ ಮನ್ನಣೆಯನ್ನು ಸಲ್ಲಿಸಿಲ್ಲವೆಂದು ನನ್ನ ಭಾವನೆ.

ಮನೆವಾಳ್ತೆಯ ಹೆಂಗಸಿನ ಪಾಡು ಇನ್ನೊಂದು ಬಗೆಯದು. ಬಸುರಿಯರಿಗೆ ರಕ್ತಪರೀಕ್ಷೆಯು ವಾಡಿಕೆಯಾದುದರಿಂದ ಆಕೆಯ ಸೋಂಕು ಬೇಗ ತಿಳಿಯುತ್ತಿತ್ತು. ಆದರೆ ಹಾಗೆ ಮೊದಲು ತಿಳಿದದ್ದೇ ಎಷ್ಟೋ ಮನೆಗಳಲ್ಲಿ ಆಕೆಯ ತಲೆಗೆ ಅಪರಾಧವನ್ನು ಕಟ್ಟಿತು. ಗಂಡಸು ಜ್ವರ, ಕೆಮ್ಮು, ಕ್ಷಯಗಳಿಂದ ಕುಗ್ಗಿದ ಮೇಲೆಯೇ ಪರೀಕ್ಷೆಗೆ ಬರುತ್ತಿದ್ದನಾದ್ದರಿಂದ ಔಷಧವು ಅವನಿಗೆ ತಡವಾಗಿ ಸಿಕ್ಕಿ, ಹಲವೆಡೆ ಹೆಂಡತಿ ವಿಧವೆಯಾಗಿ ಅತ್ತೆಯ ಮನೆಯಿಂದ ತವರಿಗೆ ಮರಳಬೇಕಾಯಿತು. ಮೊದಲ ವರ್ಷಗಳಲ್ಲಿ ರೋಗವನ್ನು ತಡೆಯುವ ಸಿ.ಡಿ.4 ಕಣಗಳು ರಕ್ತದ ಘನ ಮಿಲಿಮೀಟರಿಗೆ ಸಾಮಾನ್ಯವಾಗಿ 200ಕ್ಕಿಂತ ಕೆಳಗಿಳಿದ ಹೊರತು ಚಿಕಿತ್ಸೆ ಆರಂಭವಾಗುತ್ತಿರಲಿಲ್ಲ. ಸೋಂಕು ತಿಳಿದೊಡನೆ ಎಲ್ಲರಿಗೂ ಮದ್ದು ಎಂಬ ನಿಯಮವು 2017ರಲ್ಲಿ ಬಂದಿತು.

ಕಡೆಯದಾಗಿ ಗುಳೆ. ಮಳೆ ಕೈಕೊಟ್ಟ ವರ್ಷ ಹರಪನಹಳ್ಳಿ, ಕೂಡ್ಲಿಗಿಗಳ ತಾಂಡಾಗಳೂ ಕೇರಿಗಳೂ ಬರಿದಾಗಿ, ಜನ ಮಲೆನಾಡಿನ ಕಾಫಿ ತೋಟಗಳಿಗೂ ಬೆಂಗಳೂರಿನ ಕಟ್ಟಡಗಳಿಗೂ ಹೊರಡುತ್ತಾರೆ. ಪ್ರತಿ ತಿಂಗಳೂ ಕೇಂದ್ರಕ್ಕೆ ಬಂದು ಮಾತ್ರೆ ಒಯ್ಯಬೇಕೆಂಬ ಕಟ್ಟಳೆಯು ಊರಲ್ಲಿ ನೆಲೆನಿಂತವನನ್ನು ಮನಸ್ಸಿನಲ್ಲಿಟ್ಟು ಮಾಡಿದ್ದಾಗಿತ್ತು. ಗುಳೆ ಹೋದವನು ಒಂದು ಸಲ ಬಾರದಿದ್ದರೆ ಅವನ ಮದ್ದು ತಪ್ಪುತ್ತಿತ್ತು, ಮದ್ದು ತಪ್ಪಿದರೆ ವೈರಾಣುವು ಅದಕ್ಕೆ ಮಣಿಯದಂತಾಗುವ ಭಯವಿತ್ತು. 2020ರ ಕೊರೋನಾ ದಿಗ್ಬಂಧನದಲ್ಲಿ ಬಸ್ಸುಗಳು ನಿಂತಾಗ, ಮೂರು ತಿಂಗಳವರೆಗಿನ ಮಾತ್ರೆಗಳನ್ನು ಒಮ್ಮೆಲೇ ಕೊಡಬಹುದೆಂದು ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆಯು ಸೂಚಿಸಿತು. ಗುಳೆಯ ಕೂಲಿಗೆ ಮೊದಲಿನಿಂದಲೂ ಬೇಕಾಗಿದ್ದದ್ದು ಅದೇ. ಮಹಾಮಾರಿಯೊಂದು ನಾಡಿನ ಎಲ್ಲರ ದಾರಿಯನ್ನೂ ಮುಚ್ಚುವವರೆಗೆ ಅದು ಅವನಿಗೆ ಸುಲಭವಾಗಿ ದೊರೆಯಲಿಲ್ಲ.