ಬಲಿ ಚಕ್ರವರ್ತಿ ವರ್ಷಕ್ಕೆ ಎರಡು ಸಲ ಬರುವ ಊರು

ಓಣಂ ಪರೀಕ್ಷೆ ಮುಗಿಯುವ ಹೊತ್ತಿಗೆ ನಮ್ಮ ಕಾಸರಗೋಡಿನ ಕನ್ನಡ ಮಾಧ್ಯಮ ತರಗತಿಗಳಲ್ಲಿ ಪ್ರತಿವರ್ಷ ಒಬ್ಬರಾದರೂ ಕೇಳುವ ಪ್ರಶ್ನೆಯೊಂದಿದೆ. "ಮಾಷ್ಟ್ರೇ, ಮಾವೇಲಿಯೂ ನಮ್ಮ ಬಲೀಂದ್ರನೂ ಒಬ್ಬನೇಯಾ?" ಹೌದು, ಒಬ್ಬನೇ ಎಂದರೆ ಮುಂದಿನ ಪ್ರಶ್ನೆ ತಯಾರಾಗಿಯೇ ಇರುತ್ತದೆ. "ವರ್ಷಕ್ಕೊಮ್ಮೆ ಬರಲಿಕ್ಕೆ ಮಾತ್ರ ಅಲ್ಲವಾ ಅವನಿಗೆ ಅಪ್ಪಣೆ? ಹಾಗಾದರೆ ಇಲ್ಲಿಗೆ ಎರಡು ಸಲ ಯಾಕೆ ಬರುವುದು?"

ಪ್ರಶ್ನೆ ತಮಾಷೆಯದೆಂದು ಕಾಣುತ್ತದೆ, ಆದರೆ ಉತ್ತರ ಹುಡುಕಲು ಹೊರಟರೆ ಒಂದೇ ದೇಶದ ಒಳಗೆ ಎಷ್ಟು ಬಗೆಯ ಕಾಲಗಣನೆ, ಎಷ್ಟು ಬಗೆಯ ನೆನಪು ಇದೆ ಎನ್ನುವಲ್ಲಿಗೆ ಹೋಗಿ ಮುಟ್ಟುತ್ತೇವೆ.

ಮೊದಲು ಲೆಕ್ಕ ನೋಡೋಣ. 2025ರಲ್ಲಿ ತಿರುವೋಣಂ ಬಂದದ್ದು ಸೆಪ್ಟೆಂಬರ್ 5ಕ್ಕೆ. ಬಲಿಪಾಡ್ಯಮಿ ಅಕ್ಟೋಬರ್ 22ಕ್ಕೆ. ನಡುವೆ 47 ದಿನ. ಓಣಂ ಸೌರಮಾನದ ಹಬ್ಬ. ಸಿಂಹ ಮಾಸದ (ಮಲಯಾಳದ ಚಿಙಂ, ತುಳುವಿನ ಸೋಣ) ಶ್ರವಣ ನಕ್ಷತ್ರದ ದಿನ. ಬಲಿಪಾಡ್ಯಮಿ ಚಾಂದ್ರಮಾನದ್ದು, ಕಾರ್ತಿಕ ಶುದ್ಧ ಪಾಡ್ಯ. ಶ್ರವಣ ವಿಷ್ಣುವಿನ ನಕ್ಷತ್ರ, ವಾಮನ ಹುಟ್ಟಿದ್ದು ಭಾದ್ರಪದ ಶುದ್ಧ ದ್ವಾದಶಿಯೆಂದು ಪುರಾಣ. ಹಾಗಾಗಿ ಓಣಂ ಸಾಮಾನ್ಯವಾಗಿ ವಾಮನ ಜಯಂತಿಯ ಆಸುಪಾಸಿನಲ್ಲೇ ಬೀಳುತ್ತದೆ. ಅಂದರೆ ಕೇರಳದವರು ಬಲಿಯನ್ನು ಕರೆಯುವುದು ಅವನನ್ನು ತುಳಿದವನ ಹಬ್ಬದ ಸಮಯದಲ್ಲಿ! ಕೊಚ್ಚಿಯ ಹತ್ತಿರದ ತೃಕ್ಕಾಕರದಲ್ಲಿ ಪೂಜೆಗೊಳ್ಳುವವನು ವಾಮನ, ಮನೆಯಂಗಳದಲ್ಲಿ ಪೂಕಳಂ ಹಾಕಿ ಕಾಯುವುದು ಮಾವೇಲಿಯನ್ನು. ಇದರಲ್ಲಿ ಅಲ್ಲಿಯವರಿಗೆ ಯಾವ ವಿರೋಧವೂ ಕಂಡಿಲ್ಲ.

ಓಣಂ ಮೊದಲಿನಿಂದಲೂ ಬಲಿಯ ಹಬ್ಬವೇ ಆಗಿತ್ತೇ ಎಂದು ಕೇಳಿದರೆ ಹಾಗೆ ಹೇಳುವುದು ಕಷ್ಟ. ಸಂಗಂ ಕಾಲದ 'ಮದುರೈಕ್ಕಾಂಚಿ'ಯಲ್ಲಿ ಓಣಂ ಹಬ್ಬದ ವರ್ಣನೆ ಇದೆ, ಆದರೆ ಅದು ನಡೆಯುವುದು ತಮಿಳುನಾಡಿನ ಮದುರೆಯಲ್ಲಿ, ಮಾಯೋನ್ ಅಂದರೆ ವಿಷ್ಣುವಿನ ಹೆಸರಿನಲ್ಲಿ. ಇಂದು ಮದುರೆಯಲ್ಲಿ ಓಣಂ ಊರ ಹಬ್ಬವಲ್ಲ. ಹಬ್ಬ ಹುಟ್ಟಿದ ಊರು ಬೇರೆ, ಉಳಿದ ಊರು ಬೇರೆ.

ದೀಪಾವಳಿಯ ಕಡೆಗೆ ತಿರುಗಿದರೆ ಇನ್ನೂ ಸ್ವಾರಸ್ಯ. 1030ರ ಸುಮಾರಿಗೆ ಅಲ್-ಬಿರೂನಿ ಭಾರತದ ಬಗ್ಗೆ ಬರೆದ ಗ್ರಂಥದಲ್ಲಿ ದೀಪಾವಳಿಯ ವಿವರಣೆ ಇದೆ. ವಿರೋಚನನ ಮಗ ಬಲಿ ಪಾತಾಳದಲ್ಲಿ ಬಂಧಿ, ವಾಸುದೇವನ ಹೆಂಡತಿ ಲಕ್ಷ್ಮಿ ವರ್ಷಕ್ಕೊಂದು ದಿನ ಅವನನ್ನು ಬಿಡಿಸಿ ಭೂಮಿಗೆ ಕಳುಹಿಸುತ್ತಾಳೆ, ಅದಕ್ಕಾಗಿ ಈ ಹಬ್ಬಕ್ಕೆ ಬಲಿರಾಜ್ಯ ಎಂದು ಹೆಸರು ಎನ್ನುತ್ತಾನೆ ಅವನು. ಬಿರೂನಿ ನಮ್ಮ ಕಡೆ ಕಾಲಿಟ್ಟವನಲ್ಲ. ಅವನು ಕಂಡು ಕೇಳಿದ್ದು ಬಹುಪಾಲು ಪಂಜಾಬಿನ ಕಡೆಯ ಪಂಡಿತರಿಂದ. ಎಂದರೆ ಸಾವಿರ ವರ್ಷದ ಹಿಂದೆ ಉತ್ತರದಲ್ಲೂ ದೀಪಾವಳಿ ಬಲಿಯ ಹಬ್ಬವಾಗಿತ್ತು. ಇಂದು ಅಲ್ಲಿನ ಮಕ್ಕಳನ್ನು ಕೇಳಿ ನೋಡಿ, ರಾಮ ಅಯೋಧ್ಯೆಗೆ ಮರಳಿದ ದಿನ ಎನ್ನುತ್ತಾರೆ. ಮರುದಿನ ಅವರಿಗೆ ಗೋವರ್ಧನ ಪೂಜೆ. ಅದೇ ಪಾಡ್ಯ ಗುಜರಾತಿನವರಿಗೆ ಹೊಸ ವರ್ಷ, 2025ರ ಅಕ್ಟೋಬರ್ 22ಕ್ಕೆ ಅವರ ವಿಕ್ರಮ ಸಂವತ್ 2082 ಶುರುವಾಯಿತು. ಬಂಗಾಳದಲ್ಲಿ ಹಿಂದಿನ ಅಮಾವಾಸ್ಯೆಯ ರಾತ್ರಿ ಕಾಳಿಯದು. ತಮಿಳರಿಗೆ ನರಕ ಚತುರ್ದಶಿಯ ಎಣ್ಣೆಸ್ನಾನವೇ ದೀಪಾವಳಿ, ಪಾಡ್ಯದ ತನಕ ಅವರು ಕಾಯುವುದಿಲ್ಲ.

ಬಲಿಯನ್ನು ಆ ದಿನ ಬಿಡದೆ ಹಿಡಿದುಕೊಂಡವರು ಮುಖ್ಯವಾಗಿ ಮಹಾರಾಷ್ಟ್ರದವರು ಮತ್ತು ನಾವು. ಮರಾಠಿ ರೈತನಿಗೆ ಬಲಿಯ ರಾಜ್ಯ ಬರಲಿ ಎನ್ನುವುದು ಹಾರೈಕೆ. ಜೋತಿಬಾ ಫುಲೆಯವರು 1873ರ 'ಗುಲಾಮಗಿರಿ'ಯಲ್ಲಿ ಇದೇ ಬಲಿಯನ್ನು ಶೂದ್ರರ, ರೈತರ ರಾಜನೆಂದು ಎತ್ತಿ ನಿಲ್ಲಿಸಿ, ಪುರಾಣದ ಕಥೆಯನ್ನೇ ತಿರುಗಿಸಿ ಓದಿದರು. ಕನ್ನಡ ನಾಡಿನಲ್ಲಿ ಬಲಿಯ ಕಥೆ ಕಲ್ಲಿನ ಮೇಲೇ ಇದೆ. 578ರಲ್ಲಿ ಚಾಲುಕ್ಯ ಮಂಗಲೇಶ ಕೆತ್ತಿಸಿದ ಬಾದಾಮಿಯ ಮೂರನೆಯ ಗುಹೆಯಲ್ಲಿ ಕಾಲೆತ್ತಿ ನಿಂತ ತ್ರಿವಿಕ್ರಮನನ್ನು ಪ್ರವಾಸ ಹೋದ ಮಕ್ಕಳೆಲ್ಲ ನೋಡಿರುತ್ತಾರೆ. ಆದರೆ ಕಲ್ಲಿನಲ್ಲಿ ಗೆದ್ದವನು ದೊಡ್ಡವನು, ಹಟ್ಟಿಯಲ್ಲಿ ಸೋತವನು ದೊಡ್ಡವನು. ಮಲೆನಾಡಿನಲ್ಲಿ ಅಂಟಿಗೆ-ಪಂಟಿಗೆಯವರು ದೀಪ ಹಿಡಿದು ರಾತ್ರಿಯಿಡೀ ಮನೆಮನೆಗೆ ಹೋಗಿ ಹಾಡುವುದು ಬಲೀಂದ್ರನನ್ನೇ. ಉತ್ತರ ಕರ್ನಾಟಕದಲ್ಲಿ ಮಾತ್ರ ಅದೇ ಪಾಡ್ಯಕ್ಕೆ ಸಗಣಿಯಲ್ಲಿ ಮಾಡಿ ಹೂ ಸಿಕ್ಕಿಸುವ ಗೊಂಬೆಗಳಿಗೆ ಪಾಂಡವರು ಎಂಬ ಹೆಸರು. ಒಂದೇ ಭಾಷೆ, ಒಂದೇ ದಿನ, ಅದೇ ಸಗಣಿ, ಆದರೆ ಬರುವ ಅತಿಥಿ ಬೇರೆ!

ಇನ್ನು ನಮ್ಮೂರಿಗೆ ಬರೋಣ. ತುಳುನಾಡಿನಲ್ಲಿ ದೀಪಾವಳಿ ಎಂದರೆ 'ಪರ್ಬ'. ಅಂಗಳದಲ್ಲಿ ಹಾಲೆಮರದ ಕಂಬ ನೆಟ್ಟು, ಕಾಡಹೂಗಳಿಂದ ಸಿಂಗರಿಸಿ, ಮುಸ್ಸಂಜೆಗೆ ದೀಪ ಹಚ್ಚಿ ಬಲೀಂದ್ರನನ್ನು ಕರೆಯುತ್ತಾರೆ. ಗದ್ದೆಗೂ ದೀಪ ಇಟ್ಟು ಗಟ್ಟಿಯಾಗಿ ಕೂಗುತ್ತಾರೆ. 'ಪೊಲಿ' ಎಂದರೆ ವೃದ್ಧಿ, ಸಮೃದ್ಧಿ. ಕರೆಯುವ ಹಾಡಿನಲ್ಲಿ ಬಲಿಗೆ ರಾಜ್ಯ ಮರಳಿ ಸಿಗುವುದು ಯಾವಾಗ ಎನ್ನುವುದಕ್ಕೆ ಷರತ್ತುಗಳ ಸಾಲೇ ಬರುತ್ತದೆ, ಒಂದೂ ನಡೆಯುವಂಥದ್ದಲ್ಲ. ವರ್ಷಕ್ಕೊಮ್ಮೆ ಬಾ ಎನ್ನುವವರಿಗೂ ಅವನು ಪೂರ್ತಿಯಾಗಿ ಬರಲಾರ ಎಂದು ಗೊತ್ತು.

ಈಗ ನಿಜವಾದ ವಿಷಯ. ಬಲೀಂದ್ರ ಕನ್ನಡ-ತುಳುವರವನು, ಮಾವೇಲಿ ಮಲಯಾಳಿಗಳವನು ಎಂದು ಗೆರೆ ಎಳೆಯಲು ಹೋದರೆ ಗೆರೆ ನಿಲ್ಲುವುದಿಲ್ಲ. ಚಂದ್ರಗಿರಿ ಹೊಳೆ ದಾಟಿ ತೆಂಕಕ್ಕೆ ಹೋಗಿ. ಕೀಳೂರಿನ ಶಾಸ್ತಾವಿನ ಕ್ಷೇತ್ರದಲ್ಲಿ, ಪೊಡವೂರಿನಲ್ಲಿ, ಸುತ್ತಲಿನ ಎಷ್ಟೋ ಮನೆಗಳಲ್ಲಿ ತುಲಾಮಾಸದ ಅಮಾವಾಸ್ಯೆಗೆ ಹಾಲೆಕಂಬಕ್ಕೆ ದೀಪ ಇಟ್ಟು ಬಲಿಯನ್ನು ಕರೆಯುವವರು ಅಪ್ಪಟ ಮಲಯಾಳ ಮಾತನಾಡುವವರು. ಅವರ ಹಬ್ಬದ ಹೆಸರು ಪೊಲಿಯಂದ್ರಂ. ನಮ್ಮ 'ಪೊಲಿ'ಯೇ ಅಲ್ಲಿಯೂ! ಆಟಿ ತಿಂಗಳ ಕಳಂಜನೂ ಹಾಗೆಯೇ ಹೊಳೆಯಾಚೆ ಗಳಿಂಜನ್ ಆಗಿ ಮನೆ ಬಾಗಿಲಿಗೆ ಬರುತ್ತಾನೆ. ಅಷ್ಟೇ ಅಲ್ಲ, ಕೇರಳದ ಒಳಗೂ ಒಂದೇ ಓಣಂ ಇಲ್ಲ. ಓಲೆಕೊಡೆ ಹಿಡಿದ, ಹೊಟ್ಟೆ ದೊಡ್ಡದಾದ ಮಾವೇಲಿಯ ಚಿತ್ರವನ್ನು ಜಾಹೀರಾತುಗಳು ಎಲ್ಲ ಕಡೆಗೂ ಹಂಚಿವೆ. ಆದರೆ ಉತ್ತರ ಮಲಬಾರಿನ ವಡಕರ, ಕುಟ್ಯಾಡಿ ಕಡೆ ಬಲಿಯ ರೂಪದಲ್ಲಿ ಮನೆಗಳಿಗೆ ಬರುವ ಓಣಪ್ಪೊಟ್ಟನ್ ಗಂಟೆ ಆಡಿಸುತ್ತಾನೆಯೇ ಹೊರತು ಒಂದು ಮಾತೂ ಆಡುವುದಿಲ್ಲ.

ಎರಡು ಹಬ್ಬಗಳ ನಡುವಿನ ಅಂತರಕ್ಕೆ ನನಗೆ ತೋಚುವ ಕಾರಣ ಬೆಳೆ. ಕೇರಳದ ಮೊದಲ ಬೆಳೆ ವಿರಿಪ್ಪು ಚಿಙಂ ಹೊತ್ತಿಗೆ ಕೊಯ್ಲಿಗೆ ಬರುತ್ತದೆ. ತುಳುನಾಡಿನ ಏಣೆಲು ಮನೆ ಸೇರುವುದು ಕನ್ಯಾ-ತುಲಾ ಮಾಸಗಳಲ್ಲಿ. ಕಣಜ ತುಂಬಿದಾಗ ತಾನೇ ಹಳೆಯ ದೊರೆಯನ್ನು ಊಟಕ್ಕೆ ಕರೆಯುವುದು? ಆದರೆ ಬಿರೂನಿಯ ಪಂಜಾಬಿಗೆ ಈ ಲೆಕ್ಕ ಹೊಂದುವುದಿಲ್ಲ, ಆದ್ದರಿಂದ ಇದನ್ನು ಪೂರ್ಣ ಉತ್ತರ ಎನ್ನಲಾರೆ.

ಇಲ್ಲಿ ಎರಡೂ ಒಟ್ಟಿಗೆ ಸೇರಿದ್ದರಲ್ಲಿ ಸರಕಾರದ ಪಾಲೂ ಇದೆ. 1956ರ ನವೆಂಬರ್ 1ರ ತನಕ ಕಾಸರಗೋಡು ಮದ್ರಾಸ್ ಆಡಳಿತದ ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕು. ಆಮೇಲೆ ಕೇರಳ. 1960ರ ದಶಕದ ಆರಂಭದಲ್ಲಿ ಓಣಂ ರಾಜ್ಯದ ಹಬ್ಬವಾಯಿತು. ಶಾಲೆಯ ವರ್ಷವೇ ಅದಕ್ಕೆ ಹೊಂದಿಕೊಂಡಿತು: ಓಣಂ ಪರೀಕ್ಷೆ, ಓಣಂ ರಜೆ, ಕ್ರಿಸ್‌ಮಸ್ ಪರೀಕ್ಷೆ. ಹೊಳೆಯ ಬಡಗಿನ ಎಷ್ಟೋ ಕನ್ನಡ ಮನೆಗಳಿಗೆ ಪೂಕಳಂ ಬಂದದ್ದು ನೆರೆಮನೆಯಿಂದಲ್ಲ, ಶಾಲೆಯ ಸ್ಪರ್ಧೆಯಿಂದ. ಅದರಲ್ಲಿ ತಪ್ಪೇನಿಲ್ಲ, ಮಕ್ಕಳು ಸಂತೋಷದಿಂದಲೇ ಹೂ ತರುತ್ತಾರೆ. ಆದರೆ ತಲಪಾಡಿಯ ಆಚೆ ಬಲಿಪಾಡ್ಯಮಿಗೆ ರಜೆ, ಈಚೆ ದೀಪಾವಳಿಗೆ ಇರುವುದು ಒಂದೇ ದಿನ. 2025ರಲ್ಲಿ ಆ ರಜೆ ಅಕ್ಟೋಬರ್ 20ಕ್ಕೇ ಮುಗಿಯಿತು. ಬಲೀಂದ್ರನನ್ನು ಕರೆಯುವ ವಿಧಾನ ಪುಸ್ತಕದಲ್ಲಿಲ್ಲ, ಅದು ಸಂಜೆಯ ಅಂಗಳದಲ್ಲಿ ಅಜ್ಜನ ಪಕ್ಕ ನಿಂತು ಕಲಿಯುವಂಥದ್ದು. ಮಾವೇಲಿಯ ಬಗ್ಗೆ ಹತ್ತು ವಾಕ್ಯ ಬರೆಯುವ ಮಗುವಿಗೆ ಹಾಲೆಮರ ಯಾವುದೆಂದು ಗೊತ್ತಿಲ್ಲದಿರುವುದು ನನ್ನನ್ನು ಕಾಡುತ್ತದೆ.

ಹಾಗಾಗಿ ನಮ್ಮ ತರಗತಿಗಳಲ್ಲಿ ಓಣಂ ಪ್ರಬಂಧದ ಜೊತೆಗೇ ಇನ್ನೊಂದು ಕೆಲಸ ಕೊಡಬಹುದು ಎಂದು ನನ್ನ ಅಭಿಪ್ರಾಯ. ಪಾಡ್ಯದ ಸಂಜೆ ನಿಮ್ಮ ಮನೆಯಲ್ಲಿ ಯಾರನ್ನು, ಯಾವ ಮಾತಿನಲ್ಲಿ, ಯಾವ ಮರದ ಕಂಬ ನೆಟ್ಟು ಕರೆಯುತ್ತಾರೆ ಎಂದು ಹಿರಿಯರನ್ನು ಕೇಳಿ ಬರೆದು ತನ್ನಿ. ಅಕ್ಕಲಕೋಟೆ, ಜತ್ತ, ಆದೋನಿ, ತಾಳವಾಡಿಯ ಶಾಲೆಗಳ ಮೇಷ್ಟ್ರುಗಳೂ ಇದನ್ನು ಮಾಡಿಸಿದರೆ ಎಲ್ಲಿ ಬಲಿ, ಎಲ್ಲಿ ಪಾಂಡವರು, ಎಲ್ಲಿ ಬರೇ ಲಕ್ಷ್ಮಿ ಎನ್ನುವ ನಕ್ಷೆಯೊಂದನ್ನು ಮಕ್ಕಳೇ ಬಿಡಿಸಬಹುದು.